ಅಕ್ಷರ ಕೊಟ್ಟರೆ ಅಪರೂಪದ ಇಂಗ್ಲಿಷ್ ಪದ ಹುಡುಕುವುದು ಹೇಗೆ?

ಎಂ, ಝಡ್, ಎನ್ ಇದೇ ಸಾಲಿನಲ್ಲಿ ಬರುವ ಒಂದು ಇಂಗ್ಲಿಷ್ ಪದ ಹೇಳಿ ಅಂದರೆ ಹೆಚ್ಚಿನವರ ಬಾಯಿಗೆ ಬರುವುದು ಅಮೇಝಿಂಗ್, ಇಲ್ಲವೇ ಮ್ಯಾಗಝೀನ್. ಸ್ವಲ್ಪ ತಡಕಾಡಿದರೆ ಮೆಝನೀನ್, ಅಂದರೆ ಎರಡು ಮಹಡಿಗಳ ನಡುವಿನ ಅರೆಮಹಡಿ, ಸಿಗುತ್ತದೆ. ಹಾಯಿಹಡಗಿನಲ್ಲಿ ದೊಡ್ಡ ಕಂಬದ ಹಿಂದೆ ಇರುವ ಕಂಬಕ್ಕೆ ಮಿಝನ್ ಅನ್ನುತ್ತಾರೆ. ಮಸೀದಿಯಲ್ಲಿ ಆಝಾನ್ ಕೂಗುವವರು ಮುಅಝಿನ್. ಇವೆರಡೂ ಅಷ್ಟು ಸುಲಭಕ್ಕೆ ಯಾರಿಗೂ ಹೊಳೆಯುವುದಿಲ್ಲ. ಡಿಕ್ಷನರಿ ಬಾಯಿಪಾಠ ಮಾಡಿದವರಿಗೆ ಮಾತ್ರ ಇಂಥವು ಸಿಗುತ್ತವೆ ಅಂತ ಅನ್ನಿಸಬಹುದು. ಹಾಗೇನಿಲ್ಲ. ಎಲ್ಲಿ ತಡಕಬೇಕು ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಒಂದು ಮಾತು. ಇಲ್ಲಿ ಅಕ್ಷರಗಳನ್ನೂ ಪದಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ. ಪಕ್ಕದಲ್ಲಿ ಕಾಗದ ಇಟ್ಟುಕೊಂಡು, ಸ್ಪೆಲಿಂಗ್ ಬರೆದುಕೊಳ್ಳುತ್ತಾ ಓದಿದರೆ ಮಜಾ ಜಾಸ್ತಿ.

ಮೊದಲು ಪ್ರಶ್ನೆ ಏನು ಅಂತ ನೋಡಿ

‘ಈ ಅಕ್ಷರಗಳಿರುವ ಪದ’ ಅನ್ನುವುದಕ್ಕೆ ಮೂರು ಅರ್ಥ ಇದೆ. ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡೇ ಬರಬೇಕಾ? ಅದೇ ಸಾಲಿನಲ್ಲಿ ಬಂದರೆ ಸಾಕಾ, ನಡುವೆ ಬೇರೆಯವು ಇರಬಹುದಾ? ಅಥವಾ ಹೇಗೆ ಬೇಕಾದರೂ ಚೆದುರಿರಬಹುದಾ? ಉದಾಹರಣೆಗೆ ಎ, ಇ, ಐ, ಓ, ಯು ಐದೂ ಬರಬೇಕು ಅನ್ನಿ. ಹೇಗಾದರೂ ಸರಿ ಅಂದರೆ ಎಜುಕೇಷನ್ ಇದೆ, ಈಕ್ವೇಷನ್ ಇದೆ, ಎತ್ತರದ ಮರ ಸೆಕ್ವೊಯಾ ಇದೆ. ಸೆಕ್ವೊಯಾದಲ್ಲಿ ಇರುವುದೇ ಏಳು ಅಕ್ಷರ, ಅದರಲ್ಲಿ ಐದೂ ಸ್ವರ ಕೂತಿವೆ. ಅದೇ ಸಾಲಿನಲ್ಲೇ ಬರಬೇಕು ಅಂದ ತಕ್ಷಣ ಇವೆಲ್ಲ ಔಟ್. ಆಗ ಉಳಿಯುವುದು ಫೆಸೀಷಿಯಸ್, ಆಬ್ಸ್ಟೀಮಿಯಸ್‌ನಂಥ ಕೆಲವೇ ಪದ. ಪ್ರಶ್ನೆ ಸ್ಪಷ್ಟವಾಗದೆ ಹುಡುಕಲು ಕೂತರೆ ಸುಮ್ನೆ ತಲೆನೋವು.

ದುಬಾರಿ ಅಕ್ಷರದಿಂದ ಶುರು ಮಾಡಿ

ಕೊಟ್ಟ ಅಕ್ಷರಗಳಲ್ಲಿ ಯಾವುದು ಅಪರೂಪದ್ದೋ ಅದನ್ನು ಮೊದಲು ಹಿಡಿಯಿರಿ. ಯಾವುದು ಅಪರೂಪ ಅಂತ ತಿಳಿಯಲು, ಅಕ್ಷರ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದ ಬಿಲ್ಲೆಗಳೇ ಸಾಕು. ಆ ಆಟ ಕಟ್ಟಿದ ಆಲ್ಫ್ರೆಡ್ ಬಟ್ಸ್, ಪತ್ರಿಕೆಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸಿ ಲೆಕ್ಕ ಹಾಕಿದ್ದರು. ಕ್ಯೂ ಮತ್ತು ಝಡ್‌ಗೆ 10 ಅಂಕ, ಜೆ ಮತ್ತು ಎಕ್ಸ್‌ಗೆ 8, ಕೆಗೆ 5. ಇವು ಒಂದೊಂದೇ ಬಿಲ್ಲೆ. ಇ ಮಾತ್ರ 12 ಇದೆ. ಎಂ, ಝಡ್, ಎನ್ ಕೊಟ್ಟಾಗ ಎನ್ ಹಿಡಿದು ಹೊರಟರೆ ಕಾಡಿನಲ್ಲಿ ಕಳೆದುಹೋಗುತ್ತೀರಿ. ಝಡ್ ಹಿಡಿಯಿರಿ.

ಬೆಸುಗೆ ಎಲ್ಲಿದೆ?

ಅಕ್ಷರಗಳು ಅಂಟಿಕೊಂಡೇ ಬರಬೇಕು ಅಂದಾಗ ನನಗೆ ತುಂಬ ಇಷ್ಟವಾದ ದಾರಿ ಇದು. ಟಿ-ಸಿ-ಎಚ್-ಎಸ್-ಟಿ-ಆರ್ ತೆಗೆದುಕೊಳ್ಳಿ. ಆರು ವ್ಯಂಜನ, ಒಂದೂ ಸ್ವರ ಇಲ್ಲ. ಇಂಥ ಪದ ಇರಲು ಸಾಧ್ಯವೇ ಇಲ್ಲ ಅನ್ನಿಸುತ್ತದೆ, ಅಲ್ವಾ? ಈಗ ಇದನ್ನು ನಡುವೆ ಕತ್ತರಿಸಿ. ಟಿ-ಸಿ-ಎಚ್‌ನಲ್ಲಿ ಮುಗಿಯುವ ಪದಗಳು ಬೇಕಾದಷ್ಟಿವೆ: ವಾಚ್, ಕ್ಯಾಚ್, ಲ್ಯಾಚ್, ಮ್ಯಾಚ್. ಎಸ್-ಟಿ-ಆರ್‌ನಿಂದ ಶುರುವಾಗುವವೂ ಕಡಿಮೆ ಇಲ್ಲ: ಸ್ಟ್ರೀಟ್, ಸ್ಟ್ರಿಂಗ್, ಸ್ಟ್ರಾಪ್. ಎರಡನ್ನೂ ಒಂದರ ಪಕ್ಕ ಒಂದಿಟ್ಟು ಜೋಡಿಸಿ ನೋಡಿ. ವಾಚ್‌ಸ್ಟ್ರಾಪ್! ದಿನಾ ಕೈಗೆ ಕಟ್ಟುವ ವಸ್ತು. ಹಳೇ ಬಾಗಿಲ ಚಿಲಕ ಎಳೆಯುವ ದಾರಕ್ಕೆ ಲ್ಯಾಚ್‌ಸ್ಟ್ರಿಂಗ್ ಅನ್ನುತ್ತಾರೆ, ಅದೂ ಬಂತು.

ವಿಚಿತ್ರ ಜೋಡಣೆಗಳು ಹೆಚ್ಚಾಗಿ ಹುಟ್ಟುವುದೇ ಹೀಗೆ, ಎರಡು ಪದ ಕೂಡುವ ಜಾಗದಲ್ಲಿ. ಡಬ್ಲ್ಯು-ಕೆ-ಡಬ್ಲ್ಯು ಬೇಕಾ? ಆಕ್ವರ್ಡ್. ‘ಆಕ್’ ಅನ್ನುವ ಹಳೇ ಪದಕ್ಕೆ ‘ವರ್ಡ್’ ಅನ್ನುವ ಬಾಲ ಸೇರಿದ ಕಡೆ ಆ ಮೂರೂ ಒಟ್ಟಿಗೆ ಬಂದಿವೆ. ಹಾಗಾಗಿ ಕೊಟ್ಟ ಅಕ್ಷರಗಳನ್ನು ಬೇರೆ ಬೇರೆ ಕಡೆ ಕತ್ತರಿಸುತ್ತಾ ಹೋಗಿ. ಎಡಗಡೆ ತುಂಡು ಯಾವ ಪದದ ಕೊನೆ, ಬಲಗಡೆ ತುಂಡು ಯಾವುದರ ಮೊದಲು ಅಂತ ಕೇಳಿಕೊಳ್ಳಿ.

ಪದದ ತವರು ಊಹಿಸಿ

ಎಲ್ಲಿ ಕತ್ತರಿಸಿದರೂ ಏನೂ ಸಿಗಲಿಲ್ಲ ಅಂದರೆ ಪದ ಹೊರಗಿನಿಂದ ಬಂದಿರಬಹುದು. ಪಿ-ಎಚ್-ಟಿ-ಎಚ್ ಕಂಡರೆ ಗ್ರೀಕ್ ನೆನಪಿಸಿಕೊಳ್ಳಿ: ಡಿಫ್ತೀರಿಯಾ, ನ್ಯಾಫ್ತಾ, ಕಣ್ಣಿನ ವೈದ್ಯಶಾಸ್ತ್ರವಾದ ಆಫ್ತಲ್ಮಾಲಜಿ. ಕ್ಯೂ ಇದ್ದು ಅದರ ನಂತರ ಯು ಇಲ್ಲ ಅಂದರೆ ಅರಬ್ಬಿ ಕಡೆಯ ಪದಗಳನ್ನು ನೋಡಿ: ಬುರ್ಖಾ, ನಿಕಾಬ್, ಖವ್ವಾಲಿ. ಹೌದು, ಖವ್ವಾಲಿ ಈಗ ದೊಡ್ಡ ಇಂಗ್ಲಿಷ್ ಡಿಕ್ಷನರಿಗಳಲ್ಲಿದೆ. ಸ್ವರವೇ ಇಲ್ಲದೆ ಡಬ್ಲ್ಯು ಇದ್ದರೆ ವೆಲ್ಷ್ ಇರಬಹುದು. ಆ ಭಾಷೆಯಲ್ಲಿ ಡಬ್ಲ್ಯು ಸ್ವರದ ಕೆಲಸವನ್ನೂ ಮಾಡುತ್ತದೆ. ಸಿ-ಡಬ್ಲ್ಯು-ಎಂ, ಉಚ್ಚಾರ ‘ಕೂಮ್’, ಅಂದರೆ ಬೆಟ್ಟದ ನಡುವಿನ ಬಟ್ಟಲಿನಂಥ ಕಣಿವೆ. ಎವರೆಸ್ಟ್‌ನ ವೆಸ್ಟರ್ನ್ ಕೂಮ್‌ಗೆ 1921ರಲ್ಲಿ ಆ ಹೆಸರಿಟ್ಟವರು ಬ್ರಿಟಿಷ್ ಪರ್ವತಾರೋಹಿ ಜಾರ್ಜ್ ಮ್ಯಾಲರಿ.

ಕಂಪ್ಯೂಟರಿಗೆ ಕೇಳುವ ರೀತಿ

ಇಷ್ಟಾದ ಮೇಲೆ ಕಂಪ್ಯೂಟರ್ ಬಳಸಿದರೆ ಮೋಸ ಅಂತ ನನಗನ್ನಿಸುವುದಿಲ್ಲ. ಒನ್‌ಲುಕ್ ಎಂಬ ಡಿಕ್ಷನರಿ ಹುಡುಕಾಟದಲ್ಲಿ * ಹಾಕಿದರೆ ‘ಇಲ್ಲಿ ಎಷ್ಟು ಅಕ್ಷರ ಬೇಕಾದರೂ ಇರಲಿ’ ಅಂತ, ? ಹಾಕಿದರೆ ‘ಒಂದೇ ಅಕ್ಷರ’ ಅಂತ. ಅಂಟಿಕೊಂಡ ಅಕ್ಷರಗಳಾದರೆ ಹಿಂದೊಂದು ಮುಂದೊಂದು * ಸಾಕು. ಸಾಲಿನಲ್ಲಿ ಬರಬೇಕಾದವಾದರೆ ಪ್ರತಿ ಅಕ್ಷರದ ನಡುವೆಯೂ * ಹಾಕಿ.

ಮ್ಯಾಕ್ ಅಥವಾ ಲಿನಕ್ಸ್ ಇದ್ದವರಿಗೆ ಗ್ರೆಪ್ ಇದೆ. 1970ರ ದಶಕದಲ್ಲಿ ಕೆನ್ ಥಾಮ್ಸನ್ ಬರೆದ ಪುಟ್ಟ ಪ್ರೋಗ್ರಾಂ. ಪದಪಟ್ಟಿಯ ಫೈಲ್ ಕೊಟ್ಟರೆ ಚಿಟಿಕೆ ಹೊಡೆಯುವಷ್ಟರಲ್ಲಿ ಉತ್ತರ ಕೊಡುತ್ತದೆ. ಇಲ್ಲಿ * ಬದಲು .* ಬರೆಯಬೇಕು. ಅಕ್ಷರಗಳು ಹೇಗೆ ಬೇಕಾದರೂ ಚೆದುರಿರಬಹುದು ಅಂದಾಗ ಒಂದೇ ಸಲ ಕೇಳಲು ಹೋಗಬೇಡಿ. ಮೊದಲು ಎಂ ಇರುವ ಪದ ಸೋಸಿ, ಅದರೊಳಗೆ ಝಡ್ ಇರುವವು, ಅದರೊಳಗೆ ಎನ್. ಎರಡು ಝಡ್ ಬೇಕಿದ್ದರೆ ಝಡ್ ಅನ್ನು ಎರಡು ಸಲ ಸೋಸಿ ಪ್ರಯೋಜನವಿಲ್ಲ, ಒಂದೇ ಝಡ್ ಇರುವ ಪದವೂ ಎರಡೂ ಸಲ ಪಾಸಾಗುತ್ತದೆ. ಎರಡು ಝಡ್ ನಡುವೆ .* ಇಟ್ಟು ಕೇಳಬೇಕು.

ಪಟ್ಟಿ ಯಾವ ಕಾಲದ್ದು ಅನ್ನುವುದನ್ನೂ ಗಮನಿಸಿ. ಮ್ಯಾಕ್ ಜೊತೆ ಬರುವ ಪಟ್ಟಿ 1934ರ ವೆಬ್‌ಸ್ಟರ್ ಡಿಕ್ಷನರಿಯನ್ನು ಆಧರಿಸಿದ್ದು. ಎಕ್ಸ್-ವೈ-ಝಡ್ ಅಂಟಿಕೊಂಡು ಬರುವ ಪದ ಅದರಲ್ಲಿ ಹುಡುಕಿದರೆ ಹೈಡ್ರಾಕ್ಸಿಝೀನ್ ಸಿಗುವ ಹಾಗಿಲ್ಲ. ತುರಿಕೆಗೆ ಕೊಡುವ ಆ ಔಷಧ ಬಂದದ್ದೇ 1950ರ ದಶಕದಲ್ಲಿ. ಹಾಗಾಗಿ ಒಂದು ಪಟ್ಟಿಯಲ್ಲಿ ಸಿಗಲಿಲ್ಲ ಅಂತ ಕೈಬಿಡಬೇಡಿ, ಹೊಸ ಪಟ್ಟಿಯಲ್ಲೂ ನೋಡಿ.

ಸಿಕ್ಕಿದ ಪದ ಆಟದಲ್ಲಿ ನಡೆಯುತ್ತಾ ಅನ್ನುವುದು ಬೇರೆ ವಿಷಯ. ಕ್ಯೂನಲ್ಲಿ ಮುಗಿಯುವ ಇರಾಕ್, ದೇಶದ ಹೆಸರಾದ್ದರಿಂದ ಸ್ಕ್ರ್ಯಾಬಲ್‌ನಲ್ಲಿ ನಡೆಯುವುದಿಲ್ಲ. ಟ್ರ್ಯಾಂಕ್ವಿಲೈಝರ್ (ಮನಸ್ಸು ಶಾಂತಗೊಳಿಸುವ ಔಷಧ) ಪದದ ಮೋಟು ರೂಪವಾದ ಟ್ರ್ಯಾಂಕ್ ಕ್ಯೂನಲ್ಲೇ ಮುಗಿದರೂ ನಡೆಯುತ್ತದೆ. ಜಗಳ ಬೇಡ ಅಂದರೆ ಯಾವ ಡಿಕ್ಷನರಿ ಅಂತ ಆಟ ಶುರುವಾಗುವ ಮೊದಲೇ ಮಾತಾಡಿಕೊಳ್ಳಿ.