ಕೀಮೋ ನಡುವೆ ಬಯೋಫೀಡ್‌ಬ್ಯಾಕ್: ನಾನು ಕಲಿಸುವ ಬಗೆ

ಬಯೋಫೀಡ್‌ಬ್ಯಾಕ್ ಅಂದರೆ ಹೃದಯ ಬಡಿತ, ಬೆರಳ ಬಿಸಿಯಂಥ ಮೈಯ ಅಳತೆಯನ್ನು ಯಂತ್ರದಲ್ಲಿ ನೋಡುತ್ತಾ ಅದನ್ನು ಹತೋಟಿಗೆ ತರಲು ಕಲಿಯುವುದು. ಕೀಮೋ ತಗೊಳ್ಳುತ್ತಿರುವವರಿಗೆ ಬಯೋಫೀಡ್‌ಬ್ಯಾಕ್ ಕಲಿಸಬೇಕಾದರೆ ಯಂತ್ರಕ್ಕಿಂತ ಮೊದಲು ಕ್ಯಾಲೆಂಡರ್ ನೋಡುತ್ತೇನೆ. ಮೂರು ವಾರಕ್ಕೊಂದು ಡೋಸ್ ಇದ್ದರೆ, ಮೊದಲ ಎರಡು ಮೂರು ದಿನ ಜೊತೆಗೆ ಕೊಡುವ ಸ್ಟಿರಾಯ್ಡ್ ಡೆಕ್ಸಾಮೆಥಾಸೋನ್‌ನಿಂದ ಅನೇಕರಿಗೆ ನಿದ್ದೆ ಹತ್ತಿರ ಸುಳಿಯುವುದಿಲ್ಲ. ಅದು ಇಳಿದ ಮೇಲೆ ಸುಸ್ತು. ಎರಡನೇ ವಾರದ ಹೊತ್ತಿಗೆ ಬಿಳಿ ರಕ್ತಕಣ ಕಡಿಮೆಯಾಗಿರುತ್ತವೆ, ಆಗ ಜನರಿರುವ ಕಡೆಗೆ ಕರೆಸಬಾರದು. ಮೊದಲ ಅಳತೆ, ಮೊದಲ ಪಾಠ ಎರಡಕ್ಕೂ ಮೂರನೇ ವಾರವೇ ಸರಿ. ಮೊದಲ ಡೋಸ್‌ಗೂ ಮುಂಚೆ ಸಿಕ್ಕರೆ ಇನ್ನೂ ಒಳ್ಳೆಯದು. ಡ್ರಿಪ್ ಹತ್ತಿಸಿದ ಮೇಲೆ ಹೊಸದಾಗಿ ಕಲಿಸಿದರೆ ತಲೆಗೆ ಹತ್ತುವುದಿಲ್ಲ.

ಹೆಚ್ಚಾಗಿ ಬಳಸುವುದು ಹೃದಯ ಬಡಿತದ ಏರಿಳಿತ ತೋರಿಸುವ ವಿಧಾನ. ಉಸಿರು ಎಳೆದಾಗ ಬಡಿತ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ನಿಮಿಷಕ್ಕೆ 6 ಉಸಿರಿನ, ಅಂದರೆ ಒಂದು ಉಸಿರಿಗೆ 10 ಸೆಕೆಂಡಿನ, ಆಸುಪಾಸಿನಲ್ಲಿ ಈ ಏರಿಳಿತದ ಅಲೆ ದೊಡ್ಡದಾಗುತ್ತದೆ. ರಕ್ತದೊತ್ತಡವನ್ನು ತಾನಾಗೇ ಸರಿದೂಗಿಸುವ ದೇಹದ ಪ್ರತಿಕ್ರಿಯೆಯಾದ ಬ್ಯಾರೋರಿಫ್ಲೆಕ್ಸ್‌ನ ಸುತ್ತೂ ಸುಮಾರು 10 ಸೆಕೆಂಡಿನದೇ. ಸಂಶೋಧಕರಾದ ಲೆಹ್ರರ್ ಮತ್ತು ವಶ್ಚಿಲ್ಲೊ ರೂಪಿಸಿದ ಕ್ರಮದಲ್ಲಿ 6.5, 6, 5.5, 5, 4.5 ಹೀಗೆ ಒಂದೊಂದು ವೇಗವನ್ನೂ 2 ನಿಮಿಷ ನೋಡಿ, ಯಾವುದರಲ್ಲಿ ಅಲೆ ದೊಡ್ಡದಾಗಿಯೂ ನಯವಾಗಿಯೂ ಬರುತ್ತದೋ ಅದನ್ನು ಆರಿಸುತ್ತಾರೆ. ಸುಸ್ತಾದವರಿಗೆ ಒಂದೇ ದಿನ ಐದೂ ಬೇಡ. 6ರಿಂದ ಶುರು ಮಾಡಿ: 4 ಸೆಕೆಂಡ್ ಒಳಗೆ, 6 ಸೆಕೆಂಡ್ ಹೊರಗೆ.

ಎಡವುವುದು ಇಲ್ಲೇ. ನಿಧಾನ ಅಂದ ಕೂಡಲೇ ಎದೆ ತುಂಬ ಎಳೆಯುತ್ತಾರೆ. ಪ್ರಾಣಾಯಾಮ ಮಾಡಿದವರಂತೂ ಇನ್ನೂ ಜೋರಾಗಿ. ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ತುಟಿ ಬೆರಳು ಜುಮ್ಮೆನ್ನುತ್ತದೆ. ನರಕ್ಕೆ ತೊಂದರೆ ಕೊಡುವ ಔಷಧಿ ತಗೊಳ್ಳುವವರು ಅದನ್ನು ಔಷಧಿಯ ತೊಂದರೆ ಎಂದೇ ಹೆದರುತ್ತಾರೆ. "ಅಮ್ಮಾ, ತುಂಬ್ಕೋಬೇಡಿ, ಮಾಮೂಲಿನಷ್ಟೇ ತಗೊಳ್ಳಿ, ಬಿಡೋದನ್ನ ಮಾತ್ರ ಉದ್ದ ಮಾಡಿ" ಅಂದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಪಕ್ಕದಲ್ಲಿ ಕೂತ ಮಗನೋ ಗಂಡನೋ ಸ್ಕ್ರೀನ್ ನೋಡಿ "ಇನ್ನೂ ಎಳಿ" ಅನ್ನುವುದನ್ನು ಮೊದಲು ನಿಲ್ಲಿಸಬೇಕು.

ಸೆನ್ಸರ್ ಅನ್ನು ಕಿವಿಹಾಲೆಗೆ ಹಾಕುತ್ತೇನೆ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ, ಟ್ಯಾಕ್ಸೇನ್ ಗುಂಪಿನ ಕೀಮೋ ಔಷಧಿಯಿಂದ ಉಗುರು ಕೆಟ್ಟಿದ್ದರೆ ಬೆರಳಿನ ಸಿಗ್ನಲ್ ನಂಬಲಾಗದು. ಎದೆಪಟ್ಟಿಯ ಸೆನ್ಸರ್ ಪೋರ್ಟ್ (ಔಷಧಿ ಹರಿಸಲು ಚರ್ಮದಡಿ ಕೂರಿಸಿದ ಸಾಧನ) ಮೇಲಾಗಲಿ ರೇಡಿಯೇಷನ್ ಆದ ಚರ್ಮದ ಮೇಲಾಗಲಿ ಬೇಡ. ಮೆಡಿಕಲ್ ಶಾಪಿನ ಅಗ್ಗದ ಆಕ್ಸಿಮೀಟರ್ ಹಲವು ಬಡಿತಗಳ ಸರಾಸರಿ ತೋರಿಸುವುದರಿಂದ ಅಲೆ ಕಾಣುವುದಿಲ್ಲ. ಬಡಿತ ತಪ್ಪಿ ತಪ್ಪಿ ಬರುವವರಲ್ಲಿ, ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಮಿಡಿಯುವ ಕಾಯಿಲೆ) ಇರುವವರಲ್ಲಿ ಈ ಗ್ರಾಫ್‌ಗೆ ಅರ್ಥವೇ ಇಲ್ಲ. ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆ, ಹಳೆಯ ಸಕ್ಕರೆ ಕಾಯಿಲೆ, ವಯಸ್ಸು, ಇವೆಲ್ಲ ಅಲೆಯನ್ನು ಕುಗ್ಗಿಸುತ್ತವೆ. ಪಕ್ಕದವರ ಅಂಕಿಯ ಜೊತೆ ಹೋಲಿಸಲೇಬೇಡಿ.

ಅಲೆ ಸರಿಯಾಗಿ ಕಾಣದವರಿಗೆ ಬೆರಳ ತುದಿಯ ಉಷ್ಣಾಂಶ ಅಳೆಯುವುದು ಸುಲಭ. ಮೈಮನ ಸಡಿಲವಾದರೆ ಬೆರಳು ಬೆಚ್ಚಗಾಗುತ್ತದೆ. ತೆಳು ಸೆನ್ಸರನ್ನು ಪೇಪರ್ ಟೇಪಿನಿಂದ ಸಡಿಲವಾಗಿ ಅಂಟಿಸಿ. ಬೆರಳ ಸುತ್ತ ಬಿಗಿದರೆ ರಕ್ತ ಕಟ್ಟಿ ಅಂಕಿ ತಾನಾಗೇ ಇಳಿಯುತ್ತದೆ. ಗುರಿ 35 ಡಿಗ್ರಿ ಸೆಲ್ಸಿಯಸ್ ಎಂದು ಹೇಳುವುದುಂಟು, ಆದರೆ ಶುರುವಿನಿಂದ ಒಂದೆರಡು ಡಿಗ್ರಿ ಏರಿದರೂ ನನಗೆ ಸಾಕು. ಫ್ಯಾನ್ ಆಫ್ ಮಾಡಿರಿ. ಪ್ಯಾಕ್ಲಿಟ್ಯಾಕ್ಸೆಲ್ (ಒಂದು ಟ್ಯಾಕ್ಸೇನ್) ಡ್ರಿಪ್ ಓಡುವಾಗ ಕೈಗೆ ಐಸ್ ಗ್ಲೌಸ್ ಹಾಕಿದ್ದರೆ ಈ ಅಭ್ಯಾಸ ಆಗ ಬೇಡ, ನರ, ಉಗುರು ಕೆಡದಿರಲೆಂದು ಬೇಕೆಂದೇ ತಣ್ಣಗಿಟ್ಟಿರುತ್ತಾರೆ.

ಮನೆಯಲ್ಲಿ ದಿನಕ್ಕೆರಡು ಸಲ 10 ನಿಮಿಷ, ಊಟವಾಗಿ ಒಂದೂವರೆ ಗಂಟೆ ಬಿಟ್ಟು. ಸುಸ್ತಿನ ದಿನ 3 ನಿಮಿಷ, ಮಲಗಿಕೊಂಡೇ. ನಿದ್ದೆ, ಸುಸ್ತು, ನೋವು, ವಾಕರಿಕೆ ಇಷ್ಟಕ್ಕೂ 0ಯಿಂದ 10ರ ಅಂಕ ಒಂದು ಕಾರ್ಡಿನಲ್ಲಿ ಬರೆಸುತ್ತೇನೆ. ಸ್ಕ್ರೀನಿನ ಅಲೆ ಚೆನ್ನಾಗಿದ್ದು ಕಾರ್ಡಿನ ಅಂಕ ಅಲ್ಲಾಡದಿದ್ದರೆ ನಂಬುವುದು ಕಾರ್ಡನ್ನೇ. ವಾಂತಿ ಮಾತ್ರೆ, ನೋವಿನ ಮಾತ್ರೆ ಯಾವುದನ್ನೂ ಇದರ ಭರವಸೆಯಲ್ಲಿ ಬಿಡುವಂತಿಲ್ಲ. 38 ಡಿಗ್ರಿ ಜ್ವರ ಬಂದರೆ ಅಭ್ಯಾಸ ಅಲ್ಲಿಗೇ ಬಿಟ್ಟು, ರಾತ್ರಿ ಎಷ್ಟೊತ್ತಾಗಿದ್ದರೂ ಆಸ್ಪತ್ರೆಗೆ ಫೋನ್ ಮಾಡಬೇಕು.