ಆಡಿನ ಗಂಟಲಿಗೆ ಗಾಳಿ ಹೊಡೆದಾಗ

ಹೈಸ್ಕೂಲಿನಲ್ಲಿ 14 ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಧ್ವನಿಪೆಟ್ಟಿಗೆಯ ಚಿತ್ರವನ್ನು ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬರೆಯುತ್ತೇನೆ. ಆದರೆ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ, ಗಂಟಲು ಒಡೆಯುವ ವಯಸ್ಸಿನವನು, ಎದ್ದು ನಿಂತು ಕೇಳಿದ: "ಸರ್, ಧ್ವನಿತಂತು ಅಂದ್ರೆ ವೀಣೆ ತಂತಿ ಥರಾನಾ? ಹಾಗಾದ್ರೆ ಅದನ್ನ ಮೀಟೋರು ಯಾರು?" ನನಗೆ ಮಾತೇ ಹೊರಡಲಿಲ್ಲ.

ಭಾನುವಾರ ಮಟನ್ ಅಂಗಡಿಗೆ ಹೋದೆ. ಶ್ವಾಸಕೋಶ, ಅದರ ಕೊಳವೆ ಎಲ್ಲ ಸೇರಿಸಿ ಕೊಡಿ ಅಂದೆ. ಮನೆಗೆ ತಂದು ತೊಳೆದು ನೋಡಿದರೆ ಕೊಳವೆ ಇದೆ, ಸಾಲು ಬಳೆಗಳಿವೆ, ಪೆಟ್ಟಿಗೆಯೇ ಇಲ್ಲ! ಮುಂದಿನ ವಾರ ಕೇಳಿದ್ದಕ್ಕೆ ಅಂಗಡಿಯಾತ ನಕ್ಕ. "ಕತ್ತಿ ಅದರ ಕೆಳಗೆ ಹೋಗುತ್ತೆ ಮೇಷ್ಟ್ರೇ. ಅದು ತಲೆ ಜೊತೆ ಉಳಿಯುತ್ತೆ. ಮೊದಲೇ ಹೇಳಬಾರದಾ?" ನಾಲಿಗೆಯ ಬುಡಕ್ಕೆ ಅಂಟಿದ್ದನ್ನು ಹಾಗೇ ಬಿಡಿಸಿಕೊಟ್ಟ. ಕೆಳಗೆ ನಾಲ್ಕೈದು ಬಳೆ ಉಳಿದಿದ್ದವು, ಪೈಪು ಕಟ್ಟಲು ಅಷ್ಟು ಸಾಕು.

ಮಾಂಸ ಬಿಡಿಸುತ್ತಾ ಹೋದರೆ ಬೆರಳಿಗೇ ಪಾಠ ಸಿಗುತ್ತದೆ. ಮುಂದುಗಡೆ ಗುರಾಣಿಯಂಥ ಮೆತ್ತನೆ ಎಲುಬು, ನಮ್ಮ ಕಿವಿಯಲ್ಲಿರುತ್ತದಲ್ಲ ಆ ಜಾತಿಯದು. ಇದೇ ಥೈರಾಯ್ಡ್ ಮೃದ್ವಸ್ಥಿ. ಗಂಡಸರ ಕತ್ತಿನಲ್ಲಿ ಉಬ್ಬಿ ಕಾಣುವುದೂ ಇದೇ. ಅದರ ಕೆಳಗೆ ಪೂರ್ತಿ ಉಂಗುರ. ಶ್ವಾಸನಾಳದ ಬಳೆಗಳೆಲ್ಲ ಹಿಂದುಗಡೆ ತೆರೆದಿರುತ್ತವೆ, ಇದೊಂದೇ ಸುತ್ತಲೂ ಕೂಡಿಕೊಂಡಿರುವುದು. ಮುಂದೆ ಸಣ್ಣ, ಹಿಂದೆ ಅಗಲ, ಥೇಟ್ ಮುದ್ರೆಯುಂಗುರ. ಆ ಅಗಲದ ಮೇಲೆ ಎರಡು ಪುಟ್ಟ ಎಲುಬು ಕೂತಿವೆ, ಅರಿಟಿನಾಯ್ಡ್. ಒತ್ತಿದರೆ ಅಲ್ಲಾಡುತ್ತವೆ. ಇವುಗಳಿಂದ ಹೊರಟು ಗುರಾಣಿಯ ಒಳಗೋಡೆಗೆ ಸೇರುವುದೇ ಧ್ವನಿತಂತು.

ತಂತು ಅನ್ನೋ ಹೆಸರೇ ದಾರಿ ತಪ್ಪಿಸುತ್ತದೆ. ನೋಡಲು ಅದು ಒದ್ದೆ ತುಟಿಯ ಹಾಗಿದೆ.

ಮನುಷ್ಯರಲ್ಲಿ ಇದರ ಮೇಲೆ ಇನ್ನೊಂದು ಜೊತೆ ಮಡಿಕೆ, ನಡುವೆ ಒಂದು ಪುಟ್ಟ ಜೇಬು ಇರುತ್ತದೆ. ಆಡಿನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ನನ್ನ ಕೈಯಿಂದಲೇ ಹರಿದುಹೋಯಿತೇನೋ ಅಂದುಕೊಂಡೆ. ಆಮೇಲೆ ಓದಿದರೆ, ಮೆಲುಕು ಹಾಕುವ ಪ್ರಾಣಿಗಳಿಗೆ ಆ ಜೇಬು ಇರುವುದೇ ಇಲ್ಲ.

ಬಳೆಗಳಿಗೆ ಪೈಪು ಬಿಗಿದು ಸೈಕಲ್ ಪಂಪಿನಿಂದ ಗಾಳಿ ಹೊಡೆದೆ. ಬರೀ ಬುಸ್ ಅಂದಿತು. ಇನ್ನೂ ಜೋರಾಗಿ ಹೊಡೆದೆ, ಇನ್ನೂ ಜೋರು ಬುಸ್. ಹೆಂಡತಿ ಅಡುಗೆಮನೆಯಿಂದ ಇಣುಕಿ ಏನೂ ಹೇಳದೆ ಒಳಗೆ ಹೋದಳು. ಆಗ ಹೊಳೆಯಿತು, ಉಸಿರಾಡುವಾಗ ಬಾಗಿಲು ತೆರೆದೇ ಇರುತ್ತದೆ ಅಲ್ವಾ! ಹಿಂದಿನ ಆ ಎರಡು ಎಲುಬನ್ನು ಬೆರಳಲ್ಲಿ ಕೂಡಿಸಿ ಹಿಡಿದೆ, ಮಗಳು ಪಂಪ್ ಒತ್ತಿದಳು. "ಪ್ರ್ರ್‌ರ್..." ಮಗಳು ಪಂಪ್ ಬಿಟ್ಟು ಓಡಿದಳು.

ಮ್ಯಾ ಅನ್ನಲಿಲ್ಲ. ಅದಕ್ಕೆ ಗಂಟಲಿನ ಮೇಲ್ಭಾಗ, ಬಾಯಿ ಬೇಕು. ಇಲ್ಲಿ ಹುಟ್ಟುವುದು ಬರೀ ಗುರ್ರ್ ಅನ್ನುವ ಸದ್ದು. ಗುರಾಣಿಯನ್ನು ಉಂಗುರದ ಮೇಲೆ ಮುಂದಕ್ಕೆ ಬಾಗಿಸಿದೆ. ತುಟಿ ಎಳೆದುಕೊಂಡು ಬಿಗಿಯಾಯಿತು, ಸದ್ದು ಏರಿತು. ನಿಮ್ಮ ಕತ್ತಿನಲ್ಲೇ ನೋಡಬಹುದು. ಉಬ್ಬಿನ ಕೆಳಗೆ ಒಂದು ಸಣ್ಣ ತಗ್ಗಿದೆ, ಅಲ್ಲಿ ಬೆರಳಿಟ್ಟು ಕೆಳಗಿನ ಸಾ ಇಂದ ಮೇಲಿನ ಸಾ ವರೆಗೆ ಹೋಗಿ. ತಗ್ಗು ಕಿರಿದಾಗುತ್ತದೆ.

ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ತುಟಿ ಒಣಗಿತ್ತು. ಉಪ್ಪುನೀರು ಚಿಮುಕಿಸಿದೆ, ಮತ್ತೆ ಬಂತು. ಈಗ ಪಾಠಕ್ಕೆ ಹೋಗುವಾಗ ನೀರಿನ ಬಾಟಲಿ ಮರೆಯುವುದಿಲ್ಲ.

ಬದುಕಿರುವ ಮನುಷ್ಯನಲ್ಲಿ ಇದನ್ನು ಚೆನ್ನಾಗಿ ನೋಡಿ ವಿವರಿಸಿದವನು ಡಾಕ್ಟರಲ್ಲ, ಮಾನ್ವೆಲ್ ಗಾರ್ಸಿಯಾ ಅನ್ನುವ ಸಂಗೀತ ಮೇಷ್ಟ್ರು. 1854ರಲ್ಲಿ ಹಲ್ಲಿನ ಡಾಕ್ಟರು ಬಳಸುವ ಪುಟ್ಟ ಕನ್ನಡಿ ಗಂಟಲಿಗಿಟ್ಟು, ಕೈಗನ್ನಡಿಯಿಂದ ಬಿಸಿಲು ಬಿಟ್ಟು, ತನ್ನದನ್ನೇ ತಾನು ನೋಡಿಕೊಂಡ. ಮೇಷ್ಟ್ರುಗಳ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಇರಲಿ.

ಸೋಮವಾರ ಕ್ಲಾಸಿನಲ್ಲಿ ಅದೇ ಹುಡುಗನ ಕೈಗೆ ಪಂಪ್ ಕೊಟ್ಟೆ. ಮೀಟುವವರು ಯಾರೂ ಇಲ್ಲ ಕಣೋ, ಕೆಳಗಿನ ಗಾಳಿ ತುಟಿ ಬಿಡಿಸುತ್ತೆ, ಅದು ಮತ್ತೆ ಕೂಡಿಕೊಳ್ಳುತ್ತೆ, ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 120 ಸಲ, ಹೆಂಗಸರಲ್ಲಿ 200ರ ಆಸುಪಾಸು ಅಂದೆ.

"ಹಾಗಾದ್ರೆ ನಂದು ಯಾಕೆ ಸರ್ ಹೀಗೆ?" ಅಂದ. ಅಷ್ಟರಲ್ಲೇ ದನಿ ಎರಡು ಸಲ ಕೀರಲಾಯಿತು. ಪೆಟ್ಟಿಗೆ ಬೆಳೀತಿದೆ, ತುಟಿ ಉದ್ದ ಆಗ್ತಿದೆ, ಹೊಸ ಅಳತೆ ಇನ್ನೂ ಅಭ್ಯಾಸ ಆಗಿಲ್ಲ ಅಂದೆ. ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿದ.

"ಅಲ್ಲೀವರೆಗೂ ಪ್ರೇಯರ್‌ಗೆ ನನ್ನನ್ನ ಮುಂದೆ ನಿಲ್ಲಿಸಬೇಡಿ ಸರ್."