ಚಾಲನೆಯಲ್ಲಿ ಗಮನ ಚದುರದಂತೆ ನೋಡಿಕೊಳ್ಳುವುದು ಹೇಗೆ?

ಗಂಟೆಗೆ 80 ಕಿ.ಮೀ. ವೇಗದಲ್ಲಿ ಸಾಗುವ ಕಾರು ಒಂದೇ ಸೆಕೆಂಡಿನಲ್ಲಿ ಸುಮಾರು 22 ಮೀಟರ್ ಕ್ರಮಿಸುತ್ತದೆ. ಬಂದ ವಾಟ್ಸ್‌ಆ್ಯಪ್ ಸಂದೇಶ ಯಾರದೆಂದು ನೋಡಿ ತಲೆ ಎತ್ತಲು ಮೂರು ಸೆಕೆಂಡು ಹಿಡಿದರೆ, ಅಷ್ಟರಲ್ಲಿ 66 ಮೀಟರ್ ರಸ್ತೆಯನ್ನು ಚಾಲಕ ನೋಡದೆಯೇ ದಾಟಿರುತ್ತಾನೆ. ಎದುರಿಗೆ ಹಿಂಬದಿ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಕಂಡು, ಅದು ಅಪಾಯವೆಂದು ಹೊಳೆದು, ಕಾಲು ಬ್ರೇಕಿನ ಮೇಲೆ ಬೀಳಲು ಇನ್ನೊಂದು ಸೆಕೆಂಡಾದರೂ ಬೇಕು. ಅಂದರೆ ವೇಗ ತಗ್ಗಲು ಆರಂಭವಾಗುವ ಮೊದಲೇ 90 ಮೀಟರಿನಷ್ಟು ದೂರ ಕೈಬಿಟ್ಟುಹೋಗಿರುತ್ತದೆ.

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಈ ಸಾವುಗಳಲ್ಲಿ ಮೊಬೈಲಿನ ಪಾಲು ಪೂರ್ತಿ ಬೆಳಕಿಗೆ ಬರುವುದು ಕಷ್ಟ. ‘ನಾನು ಫೋನ್ ನೋಡುತ್ತಿದ್ದೆ’ ಎಂದು ಪೊಲೀಸರ ಮುಂದೆ ತಾನಾಗಿಯೇ ಹೇಳುವ ಚಾಲಕ ಅಪರೂಪ. ಹಾಗಾಗಿ ಎಫ್‌ಐಆರ್‌ನಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು’ ಎಂಬ ಎಂದಿನ ಸಾಲಿನೊಳಗೇ ಅದೂ ಸೇರಿಹೋಗುತ್ತದೆ.

ಕೈ ಖಾಲಿ ಇದ್ದರೆ ಸಾಕೇ?

ಬ್ಲೂಟೂತ್ ಇದೆ, ಕೈ ಸ್ಟೀರಿಂಗ್ ಮೇಲೇ ಇದೆ, ಇನ್ನೇನು ತೊಂದರೆ ಎಂದು ಕೇಳುವವರು ಬಹಳ. ಈ ನಂಬಿಕೆಯೇ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಚಾಲನೆಯ ವೇಳೆ ಫೋನ್ ಬಳಸುವವರು ಅಪಘಾತಕ್ಕೆ ಸಿಲುಕುವ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಹೆಚ್ಚು ಎಂದಿರುವ ವಿಶ್ವ ಆರೋಗ್ಯ ಸಂಸ್ಥೆ, ಹ್ಯಾಂಡ್ಸ್‌ಫ್ರೀ ಬಳಸಿದ ಮಾತ್ರಕ್ಕೆ ಸುರಕ್ಷತೆ ಹೆಚ್ಚುವುದಿಲ್ಲ ಎಂದೂ ಸ್ಪಷ್ಟಪಡಿಸಿದೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು ಕಾರು ಓಡಿಸಿದಂತೆಯೇ ಅನುಭವ ಕೊಡುವ ಸಿಮ್ಯುಲೇಟರ್ ಯಂತ್ರದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಹ್ಯಾಂಡ್ಸ್‌ಫ್ರೀಯಲ್ಲಿ ಮಾತನಾಡುತ್ತಿದ್ದವರು ಕಣ್ಣು ನೆಟ್ಟು ನೋಡಿದ್ದ ವಸ್ತುಗಳನ್ನೂ ಆಮೇಲೆ ಗುರುತಿಸಲು ತಡವರಿಸಿದ್ದರು. ದೃಷ್ಟಿ ರಸ್ತೆಯ ಮೇಲಿದ್ದರೂ ಮನಸ್ಸು ಮಾತಿನಲ್ಲಿತ್ತು.

ಹಾಗಾದರೆ ಪಕ್ಕದಲ್ಲಿ ಕುಳಿತವರೊಡನೆಯೂ ಮಾತನಾಡಬಾರದೇ ಎಂದರೆ, ಅಲ್ಲಿ ಒಂದು ವ್ಯತ್ಯಾಸವಿದೆ. ಶಿರಾಡಿ ಘಾಟಿಯ ತಿರುವಿನಲ್ಲಿ ಎದುರಿನಿಂದ ಟ್ಯಾಂಕರ್ ಬಂದರೆ ಪಕ್ಕದಲ್ಲಿರುವವರು ತಾವಾಗಿಯೇ ಮಾತು ನಿಲ್ಲಿಸುತ್ತಾರೆ, ಕೆಲವೊಮ್ಮೆ ‘ನೋಡಿ, ನೋಡಿ’ ಎಂದು ಎಚ್ಚರಿಸುತ್ತಾರೆ. ಫೋನಿನ ಆ ತುದಿಯಲ್ಲಿರುವವರಿಗೆ ಟ್ಯಾಂಕರ್ ಕಾಣುವುದಿಲ್ಲ.

ಹೊರಡುವ ಮುನ್ನ

ಫೋನ್ ಸದ್ದು ಮಾಡಿದ ಮೇಲೆ ಅದನ್ನು ನೋಡದೆ ಇರುವುದು ಬಹುತೇಕರಿಗೆ ಕಷ್ಟ. ಆದ್ದರಿಂದ ಸದ್ದೇ ಬಾರದಂತೆ ಮೊದಲೇ ಏರ್ಪಾಡು ಮಾಡಿಕೊಳ್ಳಬೇಕು. ಜವಾಬ್ದಾರಿಯ ಚಾಲನೆಯ ಮುಕ್ಕಾಲು ಪಾಲು ಕೆಲಸ ಎಂಜಿನ್ ಚಾಲೂ ಆಗುವ ಮುನ್ನವೇ ಮುಗಿಯಬೇಕು.

ಮೊದಲಿಗೆ, ಮನೆಗೋ ಕಚೇರಿಗೋ ‘ಹೊರಟಿದ್ದೇನೆ, ತಲುಪಿದ ಮೇಲೆ ಕರೆ ಮಾಡುತ್ತೇನೆ’ ಎಂದು ತಿಳಿಸಿ. ನಂತರ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡ್ರೈವಿಂಗ್ ಮೋಡ್ ಅಥವಾ ಡು ನಾಟ್ ಡಿಸ್ಟರ್ಬ್ ಆಯ್ಕೆಯನ್ನು ಚಾಲೂ ಮಾಡಿ. ಐಫೋನಿನ ಡ್ರೈವಿಂಗ್ ಫೋಕಸ್‌ನಲ್ಲಿ, ಸಂದೇಶ ಕಳಿಸಿದವರಿಗೆ ‘ವಾಹನ ಚಲಾಯಿಸುತ್ತಿದ್ದೇನೆ’ ಎಂಬ ಉತ್ತರ ತಾನಾಗಿಯೇ ಹೋಗುವ ಸೌಲಭ್ಯವೂ ಇದೆ. ಹೋಗಬೇಕಾದ ಸ್ಥಳವನ್ನು ಮ್ಯಾಪ್‌ನಲ್ಲಿ ಹಾಕಿ, ದಾರಿಯನ್ನು ಒಮ್ಮೆ ಕಣ್ಣಾಡಿಸಿ, ಧ್ವನಿ ಸೂಚನೆಯನ್ನು ಜೋರಾಗಿಟ್ಟುಕೊಳ್ಳಿ. ಫೋನನ್ನು ತೊಡೆಯ ಮೇಲೆ ಇಡಬೇಡಿ, ಗಾಜಿನ ನೋಟಕ್ಕೆ ಅಡ್ಡಬಾರದ ಹಾಗೆ ಹೋಲ್ಡರ್‌ನಲ್ಲಿ ಸಿಕ್ಕಿಸಿ. ಸೀಟು, ಕನ್ನಡಿ, ಎ.ಸಿ., ಹಾಡು ಎಲ್ಲವನ್ನೂ ಆಗಲೇ ಹೊಂದಿಸಿಕೊಳ್ಳಿ.

ಇಲ್ಲಿ ಬಹಳಷ್ಟು ಮಂದಿ ಮರೆಯುವ ಒಂದು ವಿಷಯವಿದೆ. ಚಾಲಕನ ಕಾಲ ಬಳಿ ಬಿದ್ದಿರುವ ನೀರಿನ ಬಾಟಲಿ ಇಳಿಜಾರಿನಲ್ಲಿ ಉರುಳಿ ಬ್ರೇಕ್ ಪೆಡಲಿನ ಅಡಿಗೆ ಸೇರಿದರೆ ಎಷ್ಟು ಬಲವಾಗಿ ಒತ್ತಿದರೂ ಪೆಡಲ್ ಕೆಳಗಿಳಿಯುವುದಿಲ್ಲ, ಬಗ್ಗಿ ತೆಗೆಯಹೋದರೆ ರಸ್ತೆ ಕಾಣುವುದಿಲ್ಲ. ಬಾಟಲಿಯನ್ನು ಬಾಗಿಲ ಪಕ್ಕದ ಜಾಗದಲ್ಲೇ ಇಡಿ.

ದಾರಿಯಲ್ಲಿ

ಕರೆ ಮಾಡಲೇಬೇಕಾದರೆ ನಿಲ್ಲಿಸಿ, ಆದರೆ ಕಂಡಲ್ಲಿ ನಿಲ್ಲಿಸಬೇಡಿ. ಬೆಂಗಳೂರು–ಮೈಸೂರು ಹೆದ್ದಾರಿಯಂಥ ರಸ್ತೆಯ ಅಂಚಿನಲ್ಲಿ ನಿಂತ ಕಾರಿಗೆ ಹಿಂದಿನಿಂದ ಬರುವ ಲಾರಿ ಗುದ್ದುವ ಅಪಾಯ ಸಣ್ಣದಲ್ಲ. ಪೆಟ್ರೋಲ್ ಬಂಕ್ ಅಥವಾ ಹೋಟೆಲಿನ ಆವರಣದೊಳಕ್ಕೆ ಹೋಗಿ ನಿಲ್ಲಿಸಿ. ಹಿಂದಿನ ಸೀಟಿನಲ್ಲಿ ಮಗು ಅತ್ತರೂ ಇದೇ ಕ್ರಮ. ಕೈ ಹಿಂದೆ ಚಾಚಿ ಸಮಾಧಾನಪಡಿಸಲು ಹೋಗಬೇಡಿ.

ಕೆಂಪು ಸಿಗ್ನಲ್‌ನಲ್ಲಿ ಫೋನ್ ತೆಗೆಯುವುದೂ ನಿರಪಾಯವಲ್ಲ. ಫೋನ್ ಕೆಳಗಿಟ್ಟು ಹೊರಟ ಮೇಲೂ ಗಮನ ಕೂಡಲೇ ರಸ್ತೆಗೆ ಮರಳುವುದಿಲ್ಲ. ಧ್ವನಿ ಆಜ್ಞೆಯಿಂದ ಫೋನ್ ಮತ್ತು ಕಾರಿನ ವ್ಯವಸ್ಥೆಗಳನ್ನು ಬಳಸಿದ ಚಾಲಕರ ಗಮನ ಪೂರ್ತಿ ರಸ್ತೆಗೆ ಮರಳಲು ಕೆಲವು ಸಂದರ್ಭಗಳಲ್ಲಿ 27 ಸೆಕೆಂಡುಗಳವರೆಗೂ ಹಿಡಿಯಿತೆಂದು ರಸ್ತೆ ಸುರಕ್ಷತೆಯ ಸಂಶೋಧನೆ ನಡೆಸುವ ಅಮೆರಿಕದ ಎಎಎ ಫೌಂಡೇಶನ್ 2015ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಅದು 300 ಮೀಟರ್ ದೂರ. ನಮ್ಮ ಪೇಟೆಗಳಲ್ಲಿ ಅಷ್ಟರೊಳಗೆ ಒಂದು ಶಾಲೆ, ಒಂದು ಬಸ್ ನಿಲ್ದಾಣ ದಾಟಿಹೋಗಿರುತ್ತವೆ.

ದ್ವಿಚಕ್ರ ವಾಹನದವರ ಸ್ಥಿತಿ ಇನ್ನೂ ಸೂಕ್ಷ್ಮ. ಹೆಲ್ಮೆಟ್ಟಿನೊಳಗೆ ಕಿವಿಗೆ ಫೋನ್ ಸಿಕ್ಕಿಸಿಕೊಂಡು ಮಾತನಾಡುತ್ತಾ ಹೋಗುವವರನ್ನು ಪ್ರತಿ ಊರಿನಲ್ಲೂ ಕಾಣಬಹುದು. ಹೀಗೆ ಮಾಡಿದಾಗ ಹೆಲ್ಮೆಟ್ ತಲೆಗೆ ಸರಿಯಾಗಿ ಕೂರುವುದಿಲ್ಲ, ಒಂದು ಕಿವಿಗೆ ಹಿಂದಿನ ಹಾರ್ನ್ ಕೇಳಿಸುವುದಿಲ್ಲ. ರೋಡ್ ಹಂಪ್ ಮೇಲೆ ಗಾಡಿ ಎಗರಿ ಫೋನ್ ಜಾರಿದರೆ, ಹಿಡಿಯಲು ಎಡಗೈ ತನ್ನಷ್ಟಕ್ಕೇ ಹ್ಯಾಂಡಲ್ ಬಿಡುತ್ತದೆ. ಆ ಕ್ಷಣದಲ್ಲಿ ಗಾಡಿಯ ಸಮತೋಲನ, ಆ್ಯಕ್ಸಿಲರೇಟರ್, ಮುಂದಿನ ಬ್ರೇಕ್ ಎಲ್ಲವೂ ಬಲಗೈ ಒಂದರ ಮೇಲೆಯೇ ಬೀಳುತ್ತವೆ. ಫೋನ್ ಜೇಬಿನಲ್ಲೋ ಡಿಕ್ಕಿಯಲ್ಲೋ ಇರಲಿ.

ಕಾನೂನು ಏನು ಹೇಳುತ್ತದೆ?

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಂ, ಫೋನ್ ಕೈಯಲ್ಲಿ ಹಿಡಿದು ಬಳಸುವುದನ್ನು ಅಪಾಯಕಾರಿ ಚಾಲನೆ ಎಂದು ಹೆಸರಿಸಿದೆ. ಮೊದಲ ಸಲ 1,000ದಿಂದ 5,000 ರೂಪಾಯಿವರೆಗೆ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಅಥವಾ ಎರಡೂ ಆಗಬಹುದು. ದಾರಿ ತಿಳಿಯಲು ಮಾತ್ರ, ಅದೂ ಗಮನ ಕದಡದ ಹಾಗೆ, ಸಾಧನ ಬಳಸಲು 2020ರ ಅಕ್ಟೋಬರ್‌ನಿಂದ ನಿಯಮಗಳಲ್ಲಿ ಅವಕಾಶವಿದೆ.

ಕರೆ ಮಾಡುವವರು, ಹಿಂದೆ ಕುಳಿತವರು

ಊಟ ತರುವ ಡೆಲಿವರಿ ಹುಡುಗನಿಗೆ ‘ಎಲ್ಲಿದ್ದೀಯಪ್ಪಾ?’ ಎಂದು ಮತ್ತೆಮತ್ತೆ ಕರೆ ಮಾಡುವ ಗ್ರಾಹಕರು ಅವನನ್ನು ಅಪಾಯಕ್ಕೆ ತಳ್ಳುತ್ತಿದ್ದಾರೆ. ಆರ್ಡರ್ ಮಾಡುವಾಗಲೇ ಲೊಕೇಶನ್ ಸರಿಯಾಗಿ ಕೊಟ್ಟು, ಮನೆಯ ಗುರುತನ್ನು ಬರೆದರೆ ಈ ಕರೆಗಳೇ ಬೇಕಾಗುವುದಿಲ್ಲ. ಯಾರಿಗೇ ಫೋನ್ ಮಾಡಿದರೂ ವಾಹನದ ಸದ್ದು ಕೇಳಿಸಿದ ಕೂಡಲೇ ‘ಆಮೇಲೆ ಮಾತಾಡೋಣ’ ಎಂದು ನೀವೇ ಇಟ್ಟುಬಿಡಿ. ಕ್ಯಾಬ್ ಅಥವಾ ಆಟೊ ಚಾಲಕರು ಫೋನ್ ಎತ್ತಿಕೊಂಡರೆ ಸಂಕೋಚಪಟ್ಟು ಸುಮ್ಮನಿರಬೇಡಿ. ‘ಅಣ್ಣಾ, ಪಕ್ಕಕ್ಕೆ ನಿಲ್ಲಿಸಿ ಮಾತಾಡಿ, ನಮಗೇನೂ ಅವಸರ ಇಲ್ಲ’ ಎಂದು ಗೌರವದಿಂದ ಹೇಳಿದರೆ ಬೇಸರಪಟ್ಟುಕೊಳ್ಳುವವರು ಕಡಿಮೆ.